ಸುಭಾಷಿಣಿಯ ಹೆಸರಿನಲ್ಲಿ

ಸುಭಾಷಿಣಿ ಬ್ಲಾಗು ಬರೆಯುತ್ತಿದ್ದಾಳೆ ಎಂಬ ಸಂಗತಿ ಅವಳ ಗಂಡ ಜನಾರ್ದನ ರಾಯರಿಗೆ ಗೊತ್ತಾದದ್ದು ಅದು ಶುರುವಾಗಿ ಏಳೆಂಟು ತಿಂಗಳಾದ ಮೇಲೆ, ಅದೂ ಪೇಪರು ಓದಿ. ಅವಳೇನೂ ಮುಚ್ಚಿಟ್ಟಿರಲಿಲ್ಲ. ಅವರು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ, ಅಷ್ಟೆ.

ಅದಕ್ಕೆ ದಾರಿ ತೋರಿಸಿದವಳು ಮಗಳು ಶ್ರೀವಾಣಿ. ಮದುವೆಯಾಗಿ ಕಾರ್ಕಳದಲ್ಲಿದ್ದು ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. 2006ರ ಮಳೆಗಾಲದಲ್ಲಿ ನಾಲ್ಕು ದಿನಕ್ಕೆಂದು ಮಗುವನ್ನೂ ಕರೆದುಕೊಂಡು ಮಣಿಪಾಲದ ಈಶ್ವರನಗರದ ಮನೆಗೆ ಬಂದವಳು, ತಾಯಿ ಬಟ್ಟೆ ಮಡಚುತ್ತ ಹೇಳುತ್ತಿದ್ದ ಯಾವುದೋ ಹಳೆಯ ಕತೆಗೆ ಬಿದ್ದು ಬಿದ್ದು ನಕ್ಕು, “ಅಮ್ಮ, ಇದನ್ನೆಲ್ಲ ಒಂದು ಕಡೆ ಬರೆದಿಡು. ನಾನು ಹೇಳಿಕೊಡ್ತೇನೆ” ಎಂದಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವುದನ್ನು ಕಲಿಸಿದಳು. ಬ್ಲಾಗಿಗೆ ಹೆಸರೇನಿಡುವುದು ಎಂದು ಕೇಳಿದಾಗ ಸುಭಾಷಿಣಿ, “ಎಂತ ಹೆಸರು? ಪುರುಸೊತ್ತಾದಾಗ ಬರಿಯುದು, ಅಷ್ಟೇ” ಎಂದಳು. ಶ್ರೀವಾಣಿ ಅದನ್ನೇ ಹೆಸರಾಗಿ ಟೈಪು ಮಾಡಿಬಿಟ್ಟಳು: ಪುರುಸೊತ್ತಾದಾಗ.

ಸುಭಾಷಿಣಿಗೆ ಆಗ ಐವತ್ತೆರಡು. ಹುಟ್ಟಿದ್ದು ಕಾಪುವಿನಲ್ಲಿ, ದೀಪಸ್ತಂಭದ ಕಡೆಗೆ ಹೋಗುವ ದಾರಿಯ ಮನೆಯಲ್ಲಿ. ಮೊದಲು ಬರೆದದ್ದು ಎರ್ಮಾಳಿನ ಜಲಜಕ್ಕನ ಬಗ್ಗೆ. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಜಲಜಕ್ಕ ಕಾಪುವಿನ ಆ ಮನೆಯ ಕಂಪೌಂಡಿನ ಹೊರಗೆ ಬುಟ್ಟಿ ಇಳಿಸಿ, ಕೇಳಿ ನೀರು ಕುಡಿದು, ಗೋಡೆಯಾಚೆಯಿಂದಲೇ ಮೂಗು ಅರಳಿಸಿ, “ಇವತ್ತು ಕೆಸುವಿನ ಎಲೆ ಅಲ್ವಾ ಅಮ್ಮ? ಹುಳಿ ಸ್ವಲ್ಪ ಕಮ್ಮಿ ಆಯ್ತು” ಎನ್ನುತ್ತಿದ್ದಳಂತೆ. ಅಷ್ಟು ಮೀನಿನ ವಾಸನೆಯ ನಡುವೆ ಅವಳಿಗೆ ಹುಳಿಯ ವಾಸನೆ ಹೇಗೆ ಹತ್ತುತ್ತಿತ್ತು ಎಂಬುದು ತನಗೆ ಇವತ್ತಿಗೂ ತಿಳಿದಿಲ್ಲ ಎಂದು ಬರೆದು ಸುಭಾಷಿಣಿ ಅಲ್ಲಿಗೇ ನಿಲ್ಲಿಸಿದ್ದಳು. ಮುಂದೆ ಹೇಳಲಿಕ್ಕೆ ಏನೂ ಇರಲಿಲ್ಲ, ಹಾಗಾಗಿ ಹೇಳಲಿಲ್ಲ.

ಮಧ್ಯಾಹ್ನದ ಊಟವಾಗಿ ರಾಯರು ಮಲಗಿದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಒಂದು ವಾರ ಮೂರು ಬರಹ ಬಂದರೆ ಮತ್ತೊಂದು ತಿಂಗಳಿಡೀ ಏನೂ ಇಲ್ಲ. ಬೆರಳೆಣಿಕೆಯ ಓದುಗರು. ಅವರಲ್ಲಿ ದುಬಾಯಿಯಲ್ಲಿದ್ದ ಶಿರ್ವದ ಹೆರಾಲ್ಡ್ ಎಂಬವರು ತಪ್ಪದೆ ಒಂದು ಸಾಲು ಬರೆಯುತ್ತಿದ್ದರು: “ಜಲಜಕ್ಕನಂಥವರು ನಮ್ಮ ಮನೆಗೂ ಬರುತ್ತಿದ್ದರು, ನಾವು ಮೀನೂ ತೆಗೆದುಕೊಳ್ಳುತ್ತಿದ್ದೆವು ಎಂಬುದೊಂದೇ ವ್ಯತ್ಯಾಸ.” ಇಂಥ ಸಾಲು ನೆನೆದು ಸುಭಾಷಿಣಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು.

ಜನಾರ್ದನ ರಾಯರು ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಊರೂರಿನ ಶಾಖೆಗಳಿಗೆ ಹೋಗಿ ತಪ್ಪು ಹುಡುಕಿ ವರದಿ ಬರೆಯುವ ಕೆಲಸ. ಸ್ವಯಂ ನಿವೃತ್ತಿಯ ಯೋಜನೆ ಬಂದಾಗ ಎಲ್ಲರ ಜೊತೆ ತಾವೂ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ದಿನ ಉದ್ದವಾಯಿತು. ಬಡಾವಣೆಯ ಸಮಿತಿಗೆ ಕಾರ್ಯದರ್ಶಿಯಾಗಿ ಜಗಳ ಮಾಡಿಕೊಂಡು ಬಿಟ್ಟರು. ತಾರಸಿಯಲ್ಲಿ ತರಕಾರಿ ಬೆಳೆಸಿ, ಮಂಗಗಳ ಕಾಟಕ್ಕೆ ಅದನ್ನೂ ಬಿಟ್ಟರು. ಹೀಗಿರುವಾಗ ಒಂದು ಭಾನುವಾರದ ಪುರವಣಿಯಲ್ಲಿ ಕನ್ನಡ ಬ್ಲಾಗುಗಳ ಬಗ್ಗೆ ಬಂದ ಲೇಖನದಲ್ಲಿ ಹೆಂಡತಿಯ ಹೆಸರು ಕಂಡಿತು. ಅವತ್ತು ಮಧ್ಯಾಹ್ನ ಅವರು ಮಲಗಲಿಲ್ಲ. ಬ್ಲಾಗಿನಲ್ಲಿದ್ದದ್ದನ್ನೆಲ್ಲ ಕೂತಲ್ಲೇ ಓದಿ ಮುಗಿಸಿದರು.

“ಎಂತ ಮಾರಾಯ್ತಿ, ನೀನು ಇಷ್ಟು ಚೆಂದ ಬರೀತೀಯಾ! ನನಗೆ ಗೊತ್ತೇ ಇರಲಿಲ್ಲ.”

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅಡುಗೆ ಬಿಟ್ಟು ಬೇರೆ ಯಾವುದಕ್ಕೂ ಅವರು ಅವಳನ್ನು ಇಷ್ಟು ಬಾಯಿತುಂಬ ಹೊಗಳಿದ್ದಿಲ್ಲ. ಸುಭಾಷಿಣಿಗೆ ಮುಖವೆಲ್ಲ ಬೆಚ್ಚಗಾಯಿತು.

“ಆದರೆ ಒಂದು,” ರಾಯರು ಕನ್ನಡಕ ಸರಿಮಾಡಿಕೊಂಡರು. “ಮೂರನೇ ತಾರೀಕಿಗೆ ಒಂದು ಹಾಕಿದ್ದೀ. ಮತ್ತೆ ಅದರ ಮಾರನೇ ದಿನವೇ ಇನ್ನೊಂದು. ಆಮೇಲೆ ತಿಂಗಳು ಪೂರ್ತಿ ನಾಪತ್ತೆ. ಓದುವವರು ಎಂತ ತಿಳ್ಕೊಳ್ಬೇಕು? ಇದಕ್ಕೊಂದು ಶಿಸ್ತು ಬೇಡವಾ?”

ಮರುದಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಒಂದು ಪಟ್ಟಿ ತಯಾರಾಯಿತು. ಸೋಮವಾರ ವಿಷಯ ಆರಿಸುವುದು. ಮಂಗಳವಾರ ಟಿಪ್ಪಣಿ. ಬುಧವಾರ ಕರಡು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಪ್ರಕಟಣೆ. ಶುಕ್ರವಾರ ಬಂದ ಪ್ರತಿಕ್ರಿಯೆಗಳಿಗೆಲ್ಲ ಉತ್ತರ. ಶನಿವಾರ ಬೇರೆಯವರ ಬ್ಲಾಗುಗಳಿಗೆ ಹೋಗಿ ನಾಲ್ಕು ಒಳ್ಳೆಯ ಮಾತು ಬರೆದು ಬರುವುದು, ಅವರೂ ಇತ್ತ ಬರಲಿ ಎಂದು. ಇನ್ನೊಂದು ಹಾಳೆಯಲ್ಲಿ ವರ್ಷವಿಡೀ ಬರುವ ಹಬ್ಬಗಳು, ಮಹಿಳಾ ದಿನ, ಶಿಕ್ಷಕರ ದಿನ, ತಾಯಂದಿರ ದಿನ, ಯಾವುದಕ್ಕೆ ಯಾವ ಗುರುವಾರ ಎಂದು. ರಾಯರು ಎರಡನ್ನೂ ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿದರು.

ಮೊದಮೊದಲು ಸುಭಾಷಿಣಿಗೆ ಅದು ಒಳ್ಳೆಯದೇ ಎನಿಸಿತು. ಮನೆಯಲ್ಲಿ ಮಾತಾಡಲಿಕ್ಕೆ ಒಂದು ವಿಷಯ ಸಿಕ್ಕಿತ್ತು. ಬೆಳಗಿನ ಕಾಫಿಯ ಹೊತ್ತಿಗೆ, “ಈ ವಾರ ಎಂತ?” ಎಂದು ಅವರು ಕೇಳುವುದು, ಇವಳು ನೆನಪು ಕೆದಕುವುದು. ಗಂಡ ತನ್ನ ಮಾತಿಗೆ ಕಿವಿ ಕೊಟ್ಟು ಕೂತದ್ದನ್ನು ಅವಳು ಕಂಡದ್ದೇ ಆಗ. ಬ್ಲಾಗಿನ ಮೂಲೆಯಲ್ಲಿ ಓದುಗರ ಸಂಖ್ಯೆ ತೋರಿಸುವ ಕೌಂಟರೊಂದನ್ನು ರಾಯರು ಕೂರಿಸಿದರು. ಅದು ಏರುತ್ತ ಹೋಯಿತು.

ಆದರೆ ಅವಳ ನೆನಪುಗಳು ಸೋಮವಾರಕ್ಕೆಂದು ಬರುತ್ತಿರಲಿಲ್ಲ. ಬಂದದ್ದು ಬುಧವಾರದವರೆಗೆ ನಿಲ್ಲುತ್ತಲೂ ಇರಲಿಲ್ಲ. ಟಿಪ್ಪಣಿ ಮಾಡಿದ ಮೇಲೆ ಅದನ್ನು ಮತ್ತೆ ಬರೆಯಲು ಕೂತರೆ ಹಳಸಿದ ಅನ್ನ ಬಿಸಿ ಮಾಡಿದ ಹಾಗಾಗುತ್ತಿತ್ತು. ಅವಳ ಬೆರಳು ನಿಧಾನ ಎಂದು ರಾಯರೇ ಟೈಪು ಮಾಡತೊಡಗಿದರು. ಅವಳು ಹೇಳುವುದು, ಅವರು ಒತ್ತುವುದು. ಒತ್ತುತ್ತ ಒತ್ತುತ್ತ ತಿದ್ದುವುದು. ಒಂದು ಸಲ ಜಲಜಕ್ಕನ ಬಗ್ಗೆಯೇ ಇನ್ನೊಂದು ಬರಹ ಹೇಳಿಸಿ ಬರೆದುಕೊಂಡರು. ಗುರುವಾರ ನೋಡಿದರೆ ಕೊನೆಗೆ, “ಇಂಥ ಶ್ರಮಜೀವಿಗಳಿಂದ ನಾವು ಕಲಿಯುವುದು ಬಹಳಷ್ಟಿದೆ, ಅಲ್ಲವೇ ಓದುಗರೇ?” ಎಂದಿತ್ತು.

“ಇದು ನಾನು ಹೇಳಲಿಲ್ಲ ಅಲ್ವಾ?” ಎಂದಳು ಸುಭಾಷಿಣಿ.

“ನೀನು ಸುಮ್ಮನೆ ಅರ್ಧಕ್ಕೆ ನಿಲ್ಲಿಸ್ತೀ. ಓದಿದವನ ಕೈಗೆ ಏನಾದರೂ ಸಿಗಬೇಕಲ್ವಾ? ನೋಡು, ಎಷ್ಟು ಜನ ಹೌದು ಹೌದು ಅಂತ ಬರೆದಿದ್ದಾರೆ ನೋಡು.”

ನೋಡಿದಳು. ನಿಜವಾಗಿಯೂ ಬರೆದಿದ್ದರು. ಹೆರಾಲ್ಡ್ ಮಾತ್ರ ಆ ವಾರ ಏನೂ ಬರೆದಿರಲಿಲ್ಲ. ಆಮೇಲೂ ಬರೆಯಲಿಲ್ಲ. ಅವಳು ಅದನ್ನು ಹೇಳಿದಾಗ ರಾಯರು, “ಒಬ್ಬ ಹೋದರೆ ಹತ್ತು ಜನ ಬರ್ತಾರೆ” ಎಂದರು. ಹತ್ತು ಜನ ಬಂದದ್ದೂ ನಿಜವೇ. ಅವಳ ಪಾಸ್‌ವರ್ಡ್ ತೀರಾ ಸುಲಭವಾಯಿತು, ಯಾರಾದರೂ ಊಹಿಸಿಬಿಟ್ಟಾರು ಎಂದು ಅದನ್ನೂ ಬದಲಿಸಿದರು. ಅವಳು ಹೊಸತನ್ನು ಕೇಳಲಿಲ್ಲ. ಟೈಪು ಮಾಡುವವರು ಹೇಗೂ ಅವರೇ.

2008ರ ಫೆಬ್ರವರಿಯಲ್ಲಿ ಕಾಪುವಿನಲ್ಲಿ ಅವಳ ಅಮ್ಮ ತೀರಿಕೊಂಡಳು.

ಅದಕ್ಕೆ ಮೊದಲು ಎರಡು ತಿಂಗಳು ಸುಭಾಷಿಣಿ ವಾರಕ್ಕೆ ಮೂರು ನಾಲ್ಕು ದಿನ ಅಣ್ಣನ ಮನೆಯಲ್ಲೇ ಇದ್ದಳು. ಅಮ್ಮನಿಗೆ ನೆನಪು ಪೂರ್ತಿ ಹೋಗಿತ್ತು. ಮಗನನ್ನು ಯಾರೋ ಪುರೋಹಿತರೆಂದು ತಿಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸುಭಾಷಿಣಿಯನ್ನು ಕಂಡರೆ ಹೆದರಿ ಗೋಡೆಗೆ ಆತುಕೊಳ್ಳುತ್ತಿದ್ದಳು. ಯಾಕೆಂದು ಮೊದಲು ತಿಳಿಯಲಿಲ್ಲ. ಒಂದು ಮಧ್ಯಾಹ್ನ ಇವಳು ಬಟ್ಟಲಲ್ಲಿ ಗಂಜಿ ತೆಗೆದುಕೊಂಡು ಹೋದಾಗ ಅಮ್ಮ ಎದ್ದು ನಿಲ್ಲಲು ನೋಡಿದಳು. ಆಗದೆ, ಕೈ ಮುಗಿದ ಹಾಗೆ ಮಾಡಿ ಕೇಳಿದಳು: “ಅತ್ತೇ, ಎಲ್ಲರದ್ದೂ ಆಯ್ತು. ನಾನು ಕೂತುಕೊಳ್ಳಲಾ?”

ಸತ್ತು ಮೂವತ್ತು ವರ್ಷವಾಗಿದ್ದ ಅಜ್ಜಿಯನ್ನು ಅಮ್ಮ ಮಗಳ ಮುಖದಲ್ಲಿ ಕಂಡಿದ್ದಳು. ನಾನು ಸುಭಾ ಅಮ್ಮ ಎಂದು ಎಷ್ಟು ಹೇಳಿದರೂ ಬಟ್ಟಲು ಮುಟ್ಟಲಿಲ್ಲ. ಕೊನೆಗೆ ಸುಭಾಷಿಣಿ ಗಂಟಲು ಗಟ್ಟಿಮಾಡಿಕೊಂಡು, ಅಜ್ಜಿಯ ಧ್ವನಿಯಲ್ಲೇ, “ಹೂಂ, ಕೂತುಕೋ” ಎಂದಳು. ಅಮ್ಮ ಉಂಡಳು. ಆಮೇಲೆ ದಿನವೂ ಹಾಗೆಯೇ. ಸಾಯುವವರೆಗೂ ಅಮ್ಮನಿಗೆ ಊಟ ಮಾಡಿಸಿದ್ದು ಅತ್ತೆಯಾಗಿಯೇ.

ಇದನ್ನು ಅವಳು ಅಣ್ಣನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಗಂಡನಿಗೆ ಮಾತ್ರ ಹೇಳಿದಳು. ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಮಣಿಪಾಲಕ್ಕೆ ಬಂದ ಸಂಜೆ ಅಂಗಳದ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿ ಅತ್ತಳು. ರಾಯರು ಅವಳ ಬೆನ್ನ ಮೇಲೆ ಕೈಯಿಟ್ಟು ಕತ್ತಲಾಗುವವರೆಗೆ ಪಕ್ಕದಲ್ಲೇ ಕೂತರು. ಒಳ್ಳೆಯ ಗಂಡನ ಹಾಗೆಯೇ ಇದ್ದರು.

ಅವಳು ಕಾಪುವಿನಲ್ಲಿದ್ದಷ್ಟು ದಿನವೂ ಗುರುವಾರಗಳು ಬಂದಿದ್ದವು. ರಾಯರು ತಾವೇ ಬರೆದು ಹಾಕಿದ್ದರು: ತುಳಸಿಯ ಗುಣಗಳು, ಬೇಸಿಗೆಯಲ್ಲಿ ಮಜ್ಜಿಗೆ. “ಖಾಲಿ ಬಿಡಬಾರದು ನೋಡು. ಒಂದು ವಾರ ತಪ್ಪಿದರೆ ಜನ ಮರೀತಾರೆ.” ಬೇಡ ಎನ್ನುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಮುಂದೆಯೂ ಅವಳು ಹೇಳುವುದಕ್ಕೆಂದು ಕಂಪ್ಯೂಟರಿನ ಹತ್ತಿರ ಬರಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಬರಹ ಹೋಗುತ್ತಲೇ ಇತ್ತು.

ಮೇ ತಿಂಗಳಲ್ಲಿ ಮಾತ್ರ ಒಂದು ಬೆಳಿಗ್ಗೆ ಕೇಳಿದರು. “ಈ ಗುರುವಾರ ಪಟ್ಟಿಯಲ್ಲಿ ಅಮ್ಮ ಅಂತ ಉಂಟು. ತಾಯಂದಿರ ದಿನ. ನೀನೇ ಹೇಳಿದರೆ ಒಳ್ಳೆದಿತ್ತು.”

“ನನ್ನಿಂದ ಆಗುದಿಲ್ಲ. ಅದೊಂದು ಬೇಡ.”

“ಆಯ್ತು ಬಿಡು. ಹಳೆಯದು ಎಂತಾದರೂ ಹಾಕ್ತೇನೆ.”

ಜುಲೈಯಲ್ಲಿ ಕಾರ್ಕಳದ ಗುಣಪಾಲ ಎಂಬವರು ಫೋನು ಮಾಡಿದರು. ಅವರದ್ದು ಡಿಟಿಪಿ ಅಂಗಡಿ, ತಾವೂ ಬ್ಲಾಗು ಬರೆಯುವವರು. ಕರಾವಳಿಯ ಬ್ಲಾಗಿಗರೆಲ್ಲ ಉಡುಪಿಯಲ್ಲಿ ಸೇರುವುದಿತ್ತು. ಸುಭಾಷಿಣಿಯವರು ಬಂದು ನಾಲ್ಕು ಮಾತು ಆಡಲೇಬೇಕು. ಒಂದು ವಾರವೂ ತಪ್ಪದೆ ಬರೆಯುವುದು ಹೇಗೆಂದು ಹೊಸಬರಿಗೆ ತಿಳಿಸಬೇಕು. ರಾಯರೇ ಮಾತಾಡಿ ಒಪ್ಪಿಕೊಂಡರು.

ಹೋಟೆಲೊಂದರ ಮಹಡಿಯ ಸಭಾಂಗಣ. ಹೊರಗೆ ಜೋರು ಮಳೆ, ಬಾಗಿಲ ಹತ್ತಿರ ಒದ್ದೆ ಕೊಡೆಗಳ ರಾಶಿ. ನಲವತ್ತು ಐವತ್ತು ಜನ ಇದ್ದಿರಬಹುದು. ಕಾರ್ಯಕ್ರಮ ಶುರುವಾಗುವ ಮೊದಲು ಕಾಫಿ ಕುಡಿಯುತ್ತಿದ್ದಾಗ ಇಪ್ಪತ್ತೆಂಟರ ಆಸುಪಾಸಿನ ಹೆಂಗಸೊಬ್ಬಳು ಹತ್ತಿರ ಬಂದು ತಟ್ಟನೆ ಬಾಗಿ ಕಾಲು ಮುಟ್ಟಿದಳು.

“ಮೇಡಂ, ನಾ ಶಶಿಕಲಾ ರೀ. ಕಾರ್ಕಳದಾಗ ನರ್ಸ್ ಅದೀನಿ. ನಮ್ದು ಕೊಪ್ಪಳ ಕಡೆ. ನಿಮ್ಮನ್ನ ನೋಡಬೇಕಂತನ ರಜಾ ಹಾಕಿ ಬಂದೀನಿ.”

“ಅಯ್ಯೋ, ಕಾಲಿಗೆಲ್ಲ ಎಂತಕ್ಕಮ್ಮ?”

“ಮುಟ್ಟಬೇಕ್ರೀ. ನಮ್ಮವ್ವ ನನ್ನ ಕೂಡ ಮಾತು ಬಿಟ್ಟು ಮೂರು ವರ್ಷ ಆಗಿತ್ತು. ನಾ ಇಷ್ಟು ದೂರ ನೌಕರಿಗೆ ಬಂದದ್ದು ಆಕಿಗೆ ಸೇರಿದ್ದಿಲ್ಲ. ನೀವು ನಿಮ್ಮ ತಾಯಿ ಬಗ್ಗೆ ಬರದಿದ್ರಲ್ಲ, ಅದನ್ನ ಓದಿ ಡ್ಯೂಟಿ ರೂಮಿನ್ಯಾಗ ಕುಂತು ಅತ್ತುಬಿಟ್ಟೆ. ಮರುದಿನನ ಬಸ್ ಹತ್ತಿದೆ ನೋಡ್ರಿ.”

“ನನ್ನ ತಾಯಿಯ ಬಗ್ಗೆಯಾ?”

“ಹೂಂ ರೀ. ಯಾರ ಗುರುತೂ ಹಿಡಿಯದ ತಾಯಿ ಕಡೀ ದಿನ ನಿಮ್ಮ ಕೈ ಹಿಡಿದು, ‘ಸುಭಾ, ನಿನ್ನ ಊಟ ಆಯ್ತಾ ಮಗಾ’ ಅಂತ ಕೇಳಿದ್ದು. ನೀವು ಗಂಜಿ ಬಟ್ಟಲ ಕೆಳಗಿಟ್ಟು ಆಕಿ ತೊಡೀ ಮ್ಯಾಲೆ ತಲಿ ಇಟ್ಟದ್ದು. ನನಗ ಅದು ಬಾಯಿಪಾಠ ಆಗೇತ್ರಿ.”

ಸುಭಾಷಿಣಿ ಲೋಟವನ್ನು ಮೇಜಿನ ಅಂಚಿಗೆ ಇಡಹೋಗಿ ಕಾಫಿಯನ್ನು ಸೀರೆಯ ಮೇಲೆ ಚೆಲ್ಲಿಕೊಂಡಳು. ಶಶಿಕಲಾ ತನ್ನ ಕರ್ಚೀಫಿನಿಂದ ಒರೆಸಹೋದಳು.

“ಅದು ನಾನು ಬರೆದದ್ದಲ್ಲ,” ಎಂದಳು ಸುಭಾಷಿಣಿ.

ಶಶಿಕಲಾ ತಲೆಯೆತ್ತಿ ನಕ್ಕಳು. “ದೊಡ್ಡವರು ಹಂಗ ಅಂತೀರಿ. ಬರಸಿದಾಕಿ ನಿಮ್ಮ ತಾಯಿ ಅಂತಲ್ಲ? ನಾ ಹೋದಾಗ ನಮ್ಮವ್ವ ಬಾಗಿಲದಾಗ ನಿಂತು ಮೊದಲ ಅದನ್ನ ಕೇಳಿದಳ್ರೀ, ಉಂಡೀಯೇನು ಅಂತ.”

ಸುಭಾಷಿಣಿ ಹುಡುಗಿಯ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಗುಣಪಾಲರು ಮೈಕಿನಲ್ಲಿ ಅವಳ ಹೆಸರು ಕರೆದರು.

ಎದುರಿಗೆ ಜನ ಪೆನ್ನು ಬಿಚ್ಚಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಜನಾರ್ದನ ರಾಯರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೈಕಟ್ಟಿ ಕೂತಿದ್ದರು. ನಾನು ಬರೆಯುವುದು ಬಿಟ್ಟು ಏಳು ತಿಂಗಳಾಯಿತು ಎಂಬ ವಾಕ್ಯ ಅವಳ ಬಾಯಿಯವರೆಗೆ ಬಂತು. ಮೂರನೆಯ ಸಾಲಿನಲ್ಲಿ ಶಶಿಕಲಾ ಒದ್ದೆ ಕರ್ಚೀಫು ಮಡಚಿ ಹಿಡಿದುಕೊಂಡು ಇವಳನ್ನೇ ನೋಡುತ್ತಿದ್ದಳು.

“ಸೋಮವಾರ ವಿಷಯ ಆರಿಸುವುದು,” ಎಂದಳು ಸುಭಾಷಿಣಿ. “ಮಂಗಳವಾರ ಟಿಪ್ಪಣಿ ಮಾಡುವುದು. ಬುಧವಾರ ಕರಡು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಕುವುದು. ಮನೆಯಲ್ಲಿ ಏನೇ ಆಗಲಿ, ಖಾಲಿ ಬಿಡಬಾರದು.”

ಜನ ಬರೆದುಕೊಂಡರು. ರಾಯರ ತುಟಿ ಅವಳ ಮಾತಿನ ಜೊತೆಗೇ ಅಲುಗುತ್ತಿತ್ತು. ಶುಕ್ರವಾರ, ಶನಿವಾರಗಳನ್ನೂ ಹೇಳಿ ಮುಗಿಸಿ ಅವಳು ಕೂತಳು. ಚಪ್ಪಾಳೆ ಬಹಳ ಹೊತ್ತು ಹೊಡೆದರು. ಇಷ್ಟು ಚುಟುಕಾಗಿ, ಇಷ್ಟು ಉಪಯೋಗಕ್ಕೆ ಬರುವ ಹಾಗೆ ಮಾತಾಡಿದವರು ಬೇರೆ ಯಾರೂ ಇಲ್ಲ ಎಂದು ಗುಣಪಾಲರು ಮೈಕಿನಲ್ಲೇ ಹೇಳಿದರು.

ಮಣಿಪಾಲದ ಬಸ್ಸಿನಲ್ಲಿ ಕಾಲೇಜು ಹುಡುಗರ ಗದ್ದಲ. ಮನೆ ಮುಟ್ಟಿದ ಮೇಲೆ ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳೇ ಕೇಳಿದಳು.

“ಅಮ್ಮನ ಬಗ್ಗೆ ಎಂತಕ್ಕೆ ಬರೆದಿರಿ?”

ರಾಯರು ಗಾಬರಿಯಾಗಲಿಲ್ಲ. ಇಷ್ಟು ದಿನ ಕೇಳಲಿಲ್ಲವಲ್ಲ ಎಂದುಕೊಂಡವರ ಹಾಗೆ ನಿಧಾನವಾಗಿ ಕುರ್ಚಿ ಎಳೆದು ಕೂತರು. “ಕೆಟ್ಟದ್ದು ಎಂತಾದರೂ ಬರೆದೆನಾ? ಓದಿ ನೋಡು. ಅಷ್ಟು ಪ್ರತಿಕ್ರಿಯೆ ಈವರೆಗೆ ಯಾವುದಕ್ಕೂ ಬಂದಿಲ್ಲ.”

“ಅಮ್ಮ ಹಾಗೆ ಕೇಳಲಿಲ್ಲ. ತಾನು ಉಣ್ಣಬಹುದಾ ಅಂತ ಕೇಳಿದ್ದು.”

“ಅದನ್ನು ಯಾರಾದರೂ ಜನರ ಮುಂದೆ ಇಡ್ತಾರಾ ಸುಭಾ? ನಿನ್ನ ಅಜ್ಜಿಯ ಮರ್ಯಾದೆ, ನಿನ್ನ ಅಮ್ಮನ ಮರ್ಯಾದೆ ಇಲ್ವಾ?”

“ನಾನು ಜನರ ಮುಂದೆ ಇಡಲಿಲ್ಲ. ನಿಮ್ಮ ಮುಂದೆ ಇಟ್ಟದ್ದು.”

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. “ನಿನಗೇ ಸಮಾಧಾನ ಆಗಲಿ ಅಂತ ಹಾಗೆ ಬರೆದದ್ದು” ಎಂದರು ಕಡೆಗೆ. ಅವರು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ತಿಳಿಯಿತು. ಅದು ತಿಳಿದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಹೊರಗೆ ಬರಲು ದಾರಿ ಇಲ್ಲದೆ ಒಳಗೇ ಗಟ್ಟಿಯಾಯಿತು.

“ಪಾಸ್‌ವರ್ಡ್ ಕೊಡಿ.”

“ಅದಕ್ಕೆಂತ, ಕೇಳಿದರೆ ಆಯ್ತಲ್ಲ. ನಿನ್ನದೇ ಬ್ಲಾಗು ಅಲ್ವಾ?” ಎಂದು ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಒಂದು ವಾರ ಅವಳು ಆ ಕಡೆ ಹೋಗಲಿಲ್ಲ. ಶಶಿಕಲಾಳ ಮುಖ ಕಣ್ಣಮುಂದೆ ಬರುತ್ತಿತ್ತು. ಬಾಗಿಲಲ್ಲಿ ನಿಂತು ಉಂಡೆಯಾ ಎಂದು ಕೇಳಿದ, ತಾನು ಕಾಣದ ಕೊಪ್ಪಳದ ತಾಯಿಯ ಮುಖವೂ. ಗಂಡ ಬರೆದದ್ದನ್ನು ಅಳಿಸುವ ಮನಸ್ಸು ಅವಳಿಗಾಗಲಿಲ್ಲ. ಆದರೆ ಅಮ್ಮ ಕೈ ಮುಗಿದು ಕೇಳಿದ್ದು ಎಲ್ಲಿಯೂ ಇಲ್ಲ ಎಂಬುದು ಊಟಕ್ಕೆ ಕೂತಾಗಲೆಲ್ಲ ನೆನಪಿಗೆ ಬರುತ್ತಿತ್ತು. ಒಂದು ಮಂಗಳವಾರ ಮಧ್ಯಾಹ್ನ ರಾಯರು ಪರ್ಕಳಕ್ಕೆ ಯಾರದೋ ಮನೆಯ ಪೂಜೆಗೆ ಹೋಗಿದ್ದರು. ಸುಭಾಷಿಣಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

“ನನ್ನ ಅಮ್ಮ ಸಾಯುವ ಮೊದಲು ನನ್ನನ್ನು ಗುರುತಿಸಲಿಲ್ಲ. ತನ್ನ ಅತ್ತೆ ಎಂದು ತಿಳಿದು ಹೆದರಿದಳು. ಎಲ್ಲರದ್ದೂ ಆಯಿತು, ನಾನು ಕೂತುಕೊಳ್ಳಲಾ ಎಂದು ಕೇಳಿದಳು. ನಾನು ಹೂಂ ಎಂದೆ. ಆಮೇಲೆ ಉಂಡಳು.”

ಮುಂದೆ ಹೇಳಲು ಏನೂ ಇರಲಿಲ್ಲ. ಪ್ರಕಟಿಸಿ ಎದ್ದಳು.

ಮರುದಿನ ಬೆಳಿಗ್ಗೆ ರಾಯರೇ ಕರೆದರು. “ಬಾ ಇಲ್ಲಿ, ಓದು.” ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅವಳು ಹಿಂದೆ ನಿಂತು ಓದಿದಳು.

“ಮೇಡಂ, ಇದು ನಿಮ್ಮ ಬರಹದ ಹಾಗೆ ಕಾಣುವುದಿಲ್ಲ.” “ನಿಮ್ಮ ಎಂದಿನ ಶೈಲಿ ಎಲ್ಲಿ ಹೋಯಿತು?” “ಯಾರೋ ನಿಮ್ಮ ಖಾತೆಗೆ ನುಗ್ಗಿ ಕಿಡಿಗೇಡಿತನ ಮಾಡಿದ್ದಾರೆ. ಮಂಗಳವಾರ ನೀವು ಹಾಕುವುದೇ ಇಲ್ಲವಲ್ಲ!” ಎಲ್ಲಕ್ಕಿಂತ ಕೆಳಗೆ ಶಶಿಕಲಾ: “ನಮ್ಮ ಮೇಡಂ ತಾಯಿ ಬಗ್ಗೆ ಇಂಥದ್ದು ಬರೆದ ಪಾಪಿ ಯಾರು? ಮೇಡಂ, ಲಗೂನ ಪಾಸ್‌ವರ್ಡ್ ಬದಲಿ ಮಾಡ್ರಿ.”

ಸುಭಾಷಿಣಿ ಕೊನೆಯದನ್ನು ಎರಡು ಸಲ ಓದಿದಳು.

“ನಾನು ಸರಿ ಮಾಡ್ತೇನೆ. ನೀನು ತಲೆಬಿಸಿ ಮಾಡ್ಬೇಡ,” ಎಂದರು ರಾಯರು. ಅವಳು ನಿಂತು ನೋಡಿದಳು. ಐದು ಸಾಲು ಅಳಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಆ ಜಾಗದಲ್ಲಿ ಅವರು, “ತಾಂತ್ರಿಕ ತೊಂದರೆಯಿಂದ ನಿನ್ನೆ ಆದ ಪ್ರಮಾದಕ್ಕೆ ಓದುಗರ ಕ್ಷಮೆ ಇರಲಿ. ನಿಮ್ಮ ಪ್ರೀತಿಯ, ಸುಭಾಷಿಣಿ” ಎಂದು ಬರೆದರು. ಪಾಸ್‌ವರ್ಡನ್ನೂ ಬದಲಿಸಿದರು. ಗುರುವಾರ ಹತ್ತು ಗಂಟೆಗೆ ಮಳೆಗಾಲದ ಕಷಾಯಗಳ ಬಗ್ಗೆ ಬರಹ ಬಂತು. ಎಲ್ಲ ಸರಿಹೋಯಿತಲ್ಲ ಎಂದು ಓದುಗರು ಖುಷಿಪಟ್ಟರು.

ಆ ಶನಿವಾರ ಕಾರ್ಕಳದಿಂದ ಶ್ರೀವಾಣಿಯ ಫೋನು ಬಂತು. ತರಗತಿ, ಮಳೆ, ಅತ್ತೆಯ ಮಂಡಿನೋವು ಎಲ್ಲ ಹೇಳಿಯಾದ ಮೇಲೆ ಕೇಳಿದಳು: “ಅಮ್ಮ, ನಿನ್ನ ಬ್ಲಾಗನ್ನು ಯಾರೋ ಹ್ಯಾಕ್ ಮಾಡಿದ್ದರಂತೆ, ಹೌದಾ? ಅಜ್ಜಿಯ ಬಗ್ಗೆ ಎಂತೆಂತದೋ ಬರೆದಿದ್ದರಂತೆ. ಅಪ್ಪ ಹೇಳಿದರು. ನಾನು ಓದುವಷ್ಟರಲ್ಲಿ ತೆಗೆದಾಗಿತ್ತು.”

ಸುಭಾಷಿಣಿ ರಿಸೀವರನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಹಜಾರದಲ್ಲಿ ರಾಯರು ಬೇರೆಯವರ ಬ್ಲಾಗುಗಳಿಗೆ ಒಳ್ಳೆಯ ಮಾತು ಬರೆಯುತ್ತಿದ್ದರು. ಕೀಲಿಗಳ ಸದ್ದು ಬಿಡದೆ ಕೇಳುತ್ತಿತ್ತು.

“ಹೌದಂತೆ,” ಎಂದಳು. “ಮಗುವಿನ ಜ್ವರ ಬಿಟ್ಟಿತಾ?”